ಕೋಳಿಮರಿಯ ಜೊತೆ ಔಷಧದ ಪೊಟ್ಟಣವೂ ಬರಲಿ

ಕಾಲುವೆಗೆ ನೀರು ಬಿಟ್ಟು ಕಂಪ್ಲಿ ಸುತ್ತಿನ ಗದ್ದೆಗಳಲ್ಲಿ ಭತ್ತದ ನಾಟಿ ಶುರುವಾಗುವ ಹೊತ್ತಿಗೆ ಹಿತ್ತಲ ಕೋಳಿಮರಿಗಳಿಗೆ ಕೆಟ್ಟ ಕಾಲವೂ ಶುರುವಾಗುತ್ತದೆ. ನಿನ್ನೆ ತಿಪ್ಪೆ ಕೆದರುತ್ತಿದ್ದ ಮರಿ ಇವತ್ತು ರೆಕ್ಕೆ ಇಳಿಬಿಟ್ಟು, ಪುಕ್ಕ ಉಬ್ಬಿಸಿ, ಕಣ್ಣು ಮುಚ್ಚಿ ಮೂಲೆ ಹಿಡಿಯುತ್ತದೆ. ಹಿಕ್ಕೆಯಲ್ಲಿ ರಕ್ತ. ಮರುದಿನದಿಂದ ಒಂದರ ಹಿಂದೊಂದು ಸಾವು. ಕೋಳಿಗೆ ರೋಗ ಬಿತ್ತು ಎಂದು ಮನೆಯವರು ಕೈಚೆಲ್ಲುತ್ತಾರೆ.

ಕೈಚೆಲ್ಲುವಂಥ ರೋಗ ಇದಲ್ಲ. ರಕ್ತಭೇದಿ ಎಂದು ಕರೆಯುವ ಕಾಕ್ಸಿಡಿಯೋಸಿಸ್‌ಗೆ ಕಾರಣ ಐಮೀರಿಯಾ ಎಂಬ ಏಕಕೋಶ ಪರಾವಲಂಬಿ. ಕೋಳಿಯನ್ನು ಕಾಡುವ ಇದರ ಏಳು ಪ್ರಭೇದಗಳಲ್ಲಿ ಟೆನೆಲ್ಲಾ ಎಂಬುದು ಕುರುಡು ಕರುಳಿಗೆ ಇಳಿದು ರಕ್ತ ಹರಿಸುತ್ತದೆ. ಹಿಕ್ಕೆಯೊಂದಿಗೆ ಹೊರಬಿದ್ದ ಇದರ ಕಣಗಳಿಗೆ ತೇವ ಮತ್ತು ಬಿಸುಪು ಸಿಕ್ಕರೆ ಒಂದೆರಡು ದಿನದಲ್ಲಿ ಸೋಂಕು ತಗುಲಿಸುವ ಶಕ್ತಿ ಬರುತ್ತದೆ. ಮರಿಯ ಹೊಟ್ಟೆ ಸೇರಿದ ಒಂದೇ ಕಣ ವಾರದೊಳಗೆ ಸಾವಿರಗಟ್ಟಲೆ ಆಗಿ ಮತ್ತೆ ನೆಲಕ್ಕೆ ಬೀಳುತ್ತದೆ. ಬಳ್ಳಾರಿ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ನೆಲ ಕಾದು ಒಣಗುವುದರಿಂದ ಬಚಾವಾದ ಮರಿಗಳು ಸಂಡೂರಿನ ಗುಡ್ಡಗಳಿಗೆ ಮಳೆ ಕಟ್ಟಿದ ಮೇಲೆ ಸಾಯಲು ಇದೇ ಕಾರಣ. ಫಿನಾಯಿಲ್ ಸುರಿದರೆ ಈ ಕಣಗಳಿಗೆ ಏನೂ ಆಗುವುದಿಲ್ಲ. ಬಿಸಿಲು, ಬೆಂಕಿಯ ಝಳ, ಒಣ ನೆಲ ಇವಕ್ಕೆ ಅವು ಹೆದರುತ್ತವೆ.

ಹಳೇ ಕಾಲದಲ್ಲಿ ಇಷ್ಟು ಔಷಧವಿಲ್ಲದೆ ಜವಾರಿ ಕೋಳಿ ಬದುಕಲಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಪಟ್ಟಣದೊಳಗೆ ಮೂರು ಕೋಳಿಗೆ ಕೊಡುವ ನಾಣ್ಯಕ್ಕೆ ಊರಾಚೆ ನಾಲ್ಕು ಸಿಗುತ್ತವೆ ಎಂದು ಬರೆದಿದ್ದಾನೆ. ಅಷ್ಟು ಅಗ್ಗವಾಗಬೇಕಾದರೆ ಹಂಪಿಯ ಸುತ್ತ ಕೋಳಿ ಧಾರಾಳವಾಗಿಯೇ ಇದ್ದಿರಬೇಕು. ತಾಯಿಕೋಳಿಯ ಹಿಂದೆ ಬಯಲೆಲ್ಲ ಸುತ್ತುವ ಎಂಟು ಹತ್ತು ಮರಿಗಳಿಗೆ ಸೋಂಕು ಸ್ವಲ್ಪ ಸ್ವಲ್ಪವೇ ತಗುಲುತ್ತದೆ, ಅಷ್ಟರಲ್ಲೇ ಮೈಗೆ ತಡೆಶಕ್ತಿ ಬರುತ್ತದೆ. ದೊಡ್ಡ ಕೋಳಿಗಳು ಗಟ್ಟಿಮುಟ್ಟಾಗಿದ್ದೂ ಹಿಕ್ಕೆಯಲ್ಲಿ ಕಣಗಳನ್ನು ಚೆಲ್ಲುತ್ತಿರುವುದು ಹೀಗೆ. ಈಗ ಆಗುತ್ತಿರುವುದು ಬೇರೆ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜದಂಥ ತಳಿಯ ನಲವತ್ತು ಐವತ್ತು ಮರಿಗಳನ್ನು ಒಮ್ಮೆಗೇ ತಂದು, ಹತ್ತು ಮರಿಗೆ ಸಾಲುವ ಗೂಡಿಗೆ ತುಂಬಿದರೆ ನೀರಿನ ತಟ್ಟೆ ಉರುಳಿ, ಹೊಟ್ಟು ನೆನೆದು, ಅದೇ ಹಿಕ್ಕೆಯ ಮೇಲೆ ಅದೇ ನುಚ್ಚು ಬೀಳುತ್ತದೆ. ಸಾಕುವ ಲೆಕ್ಕ ಬದಲಾಗಿದೆ, ಸಾಕುವ ರೀತಿ ಬದಲಾಗಿಲ್ಲ.

ಮೊದಲ ರಕ್ತದ ಹಿಕ್ಕೆ ಕಂಡ ದಿನವೇ ಔಷಧ ಶುರುವಾದರೆ ಹೆಚ್ಚಿನ ಮರಿಗಳು ಉಳಿಯುತ್ತವೆ. ನಡೆಯುವುದು ಮಾತ್ರ ಬೇರೆ: ಮೆಡಿಕಲ್ ಶಾಪಿನಿಂದ ಮನುಷ್ಯರ ಆ್ಯಂಟಿಬಯಾಟಿಕ್ ಮಾತ್ರೆ ತಂದು ಅರೆದು ಕುಡಿಸುವುದು, ಅದು ನಾಟದಾಗ ಬೆಳ್ಳುಳ್ಳಿ, ಅರಿಸಿನ. ಅರಿಸಿನದಿಂದ ಕೇಡಿಲ್ಲ, ಆದರೆ ಅದನ್ನು ನಂಬಿ ಕಳೆದ ಎರಡು ದಿನ ವಾಪಸ್ ಬರುವುದಿಲ್ಲ. ಇದಕ್ಕೆ ಹಳೆಯ, ಅಗ್ಗದ ಮದ್ದು ಆಂಪ್ರೋಲಿಯಂ. ಶೇ 20ರ ಪುಡಿಯಾದರೆ ಲೀಟರ್ ನೀರಿಗೆ ಸುಮಾರು 1.2 ಗ್ರಾಂ, 3ರಿಂದ 5 ದಿನ. ಆಮೇಲೆ ಕಾಲುಭಾಗಕ್ಕೆ ಇಳಿಸಿ ಇನ್ನೊಂದೆರಡು ವಾರ. ಪೊಟ್ಟಣದ ಮೇಲಿನ ಅಳತೆ, ವೈದ್ಯರ ಮಾತು ಇವೆರಡನ್ನೂ ನೋಡಿಯೇ ಬೆರೆಸಬೇಕು. ರೋಗ ಜೋರಾಗಿದ್ದರೆ ವೈದ್ಯರು ಟೋಲ್ಟ್ರಾಜುರಿಲ್ ಬರೆದುಕೊಡುವುದುಂಟು. ಮೇವು ಬಿಟ್ಟ ಮರಿಯೂ ನೀರು ಕುಡಿಯುವುದರಿಂದ ಮದ್ದು ನೀರಿನಲ್ಲೇ ಹೋಗಬೇಕು, ಹಿತ್ತಲಿನಲ್ಲಿ ಬೇರೆ ನೀರು ಇರಬಾರದು. ಬಚ್ಚಲ ಮೋರಿ ತೆರೆದೇ ಇದ್ದರೆ ತಟ್ಟೆಯಲ್ಲಿ ಬೆರೆಸಿದ ಔಷಧ ತಟ್ಟೆಯಲ್ಲೇ ಉಳಿಯುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಮರಿ ಸೊರಗಿದೆ ಎಂದು ಆಂಪ್ರೋಲಿಯಂ ಜೊತೆಗೇ ಬಿ-ಕಾಂಪ್ಲೆಕ್ಸ್ ಟಾನಿಕ್ ಹಾಕುತ್ತಾರೆ. ಈ ಮದ್ದು ಕೆಲಸ ಮಾಡುವುದೇ ಪರಾವಲಂಬಿಗೆ ಬಿ-1 ಜೀವಸತ್ವ ಸಿಗದಂತೆ ತಡೆದು. ಒಂದು ಕೈಯಲ್ಲಿ ಕಸಿದದ್ದನ್ನು ಇನ್ನೊಂದು ಕೈಯಲ್ಲಿ ಕೊಟ್ಟಂತಾಗುತ್ತದೆ. ಟಾನಿಕ್ ಏನಿದ್ದರೂ ಮದ್ದು ಮುಗಿದ ಮೇಲೆ.

ಜಂತುಹುಳದ ಕಥೆ ನಿಧಾನದ್ದು. ದುಂಡುಹುಳ ಇದ್ದ ಮರಿ ಸಾಯುವುದಕ್ಕಿಂತ ಹೆಚ್ಚಾಗಿ ಸೊರಗುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ, ಎದೆಮೂಳೆ ಎದ್ದು ಕಾಣುತ್ತದೆ. ಪೈಪರಜೀನ್ ಕೊಟ್ಟರೆ ದುಂಡುಹುಳ ಬೀಳುತ್ತದೆ, ಲಾಡಿಹುಳ ಬೀಳುವುದಿಲ್ಲ. ಇರುವೆ, ಜೀರುಂಡೆ, ನೊಣಗಳ ಮೂಲಕ ಬರುವ ಲಾಡಿಹುಳಕ್ಕೆ ಬೇರೆಯದೇ ಮದ್ದು. ಯಾವ ಹುಳವೆಂದು ತಿಳಿಯಲು ಚಿಟಿಕೆ ಹಿಕ್ಕೆ, ಉಪ್ಪುನೀರು, ಒಂದು ಸೂಕ್ಷ್ಮದರ್ಶಕ ಸಾಕು.

ಹಸಿರು ಭೇದಿ, ಏದುಸಿರು, ತಿರುಚಿದ ಕತ್ತು ಕಂಡರೆ ಅದು ಕೊಕ್ಕರೆ ರೋಗ ಇರಬಹುದು. ಅದಕ್ಕೆ ಮದ್ದಿಲ್ಲ, ಮುಂಚೆ ಹಾಕಿಸುವ ಲಸಿಕೆಯೇ ಗತಿ. ರಕ್ತಭೇದಿ, ಕೊಕ್ಕರೆ ರೋಗ ಎರಡನ್ನೂ ಒಂದೇ ‘ರೋಗ’ದ ಖಾತೆಗೆ ಬರೆದುಕೊಳ್ಳುವುದರಿಂದಲೇ ಉಳಿಸಬಹುದಾದ ಮರಿಗಳೂ ತಿಪ್ಪೆ ಸೇರುತ್ತಿವೆ.

2019ರ ಜಾನುವಾರು ಗಣತಿಯಂತೆ ದೇಶದ ಹಿತ್ತಲ ಕೋಳಿಗಳ ಸಂಖ್ಯೆ ಸುಮಾರು 31.7 ಕೋಟಿ, ಹಿಂದಿನ ಗಣತಿಗಿಂತ ಶೇ 45ಕ್ಕೂ ಹೆಚ್ಚು. ಇವುಗಳ ಯಜಮಾನಿಕೆ ಬಹುಪಾಲು ಹೆಣ್ಣುಮಕ್ಕಳದು. ಹೊಸಪೇಟೆಯ ಮಾರುಕಟ್ಟೆಯಲ್ಲಿ ಜವಾರಿ ಕೋಳಿಗೆ ಸಿಗುವ ದುಡ್ಡು ನೇರ ಅವರ ಕೈಗೆ ಬರುವ ದುಡ್ಡು. ಪಶುಪಾಲನಾ ಇಲಾಖೆ ಗ್ರಾಮೀಣ ಮಹಿಳೆಯರಿಗೆ ಐದು ವಾರದ ನಾಟಿ ಕೋಳಿಮರಿಗಳನ್ನು ವಿತರಿಸಿದ್ದು ಒಳ್ಳೆಯ ಕೆಲಸ. ಆದರೆ ರಕ್ತಭೇದಿ ಹೆಚ್ಚು ಕಾಡುವುದು ಮೂರರಿಂದ ಆರು ವಾರದ ಮರಿಗಳನ್ನು. ಅಂದರೆ ಮರಿ ಊರು ಬದಲಿಸಿ, ನೆಲ ಬದಲಿಸಿ, ಮೇವು ಬದಲಿಸಿ ದಣಿದಿರುವ ವಾರವೇ ಅದರ ಅಪಾಯದ ವಾರ. ಮರಿಯ ಪೆಟ್ಟಿಗೆಯೊಂದಿಗೆ ಆಂಪ್ರೋಲಿಯಂನ ಒಂದು ಪೊಟ್ಟಣ, ಒಂದು ಅಳತೆ ಚಮಚ, ದೊಡ್ಡ ಅಕ್ಷರದ ಒಂದು ಹಾಳೆ ಕೊಟ್ಟರೆ ಮರಿಯ ಬೆಲೆಯ ಮುಂದೆ ಅದೆಷ್ಟು ಖರ್ಚು? 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಕಂಪ್ಲಿ ಮತ್ತು ಸಂಡೂರು ಬಳ್ಳಾರಿಯಲ್ಲೇ ಉಳಿದವು. ಕಡತ ಎರಡಾದರೂ ರೋಗ ಒಂದೇ. ಎರಡೂ ಜಿಲ್ಲೆಯ ಉಪನಿರ್ದೇಶಕರು ಮಳೆಗಾಲಕ್ಕೆ ಮುಂಚೆ ಕೂತು ತೀರ್ಮಾನಿಸಬಹುದಾದ ಸಂಗತಿ ಇದು. ತಾಲ್ಲೂಕು ದವಾಖಾನೆಗಳಲ್ಲಿ ಎಮ್ಮೆ, ಆಡುಗಳ ಸಗಣಿ ಹಿಕ್ಕೆಯಂತೆ ಕೋಳಿಯ ಹಿಕ್ಕೆಯನ್ನೂ ತಪ್ಪದೆ ಪರೀಕ್ಷಿಸುವ ವಾಡಿಕೆ ಬರಬೇಕು.

ಸಾಕುವವರ ಪಾಲಿನ ಕೆಲಸವೂ ಇದೆ. ಕಂಪ್ಲಿಯ ಅಕ್ಕಿ ಗಿರಣಿಗಳ ಸೀಮೆಯಲ್ಲಿ ಭತ್ತದ ಹೊಟ್ಟಿಗೆ ಬರವಿಲ್ಲ. ಗೂಡಿನಲ್ಲಿ ಒಣ ಹೊಟ್ಟು ಹರಡಿ ದಿನಾ ಕೆದಕಿ, ನೆನೆದದ್ದನ್ನು ಆಗಿಂದಾಗ ಎತ್ತಿಹಾಕಬೇಕು. ನೀರಿನ ತಟ್ಟೆಯನ್ನು ಇಟ್ಟಿಗೆಯ ಮೇಲೆ ಇಡಬೇಕು. ಮರಿ ಸತ್ತರೆ ತಿಪ್ಪೆಗೆ ಎಸೆಯದೆ ಒಂದು ಕವರಿನಲ್ಲಿ ಹಾಕಿ ಹತ್ತಿರದ ದನದ ದವಾಖಾನೆಗೆ ಒಯ್ಯಿರಿ, ಕೊಯ್ದು ಕರುಳು ನೋಡಿ ಎಂದು ಕೇಳಿ. ಹೋಗಲಾಗದಿದ್ದರೆ ಸಂಚಾರಿ ಪಶುಚಿಕಿತ್ಸಾ ವಾಹನದ 1962ಕ್ಕೆ ಕರೆ ಮಾಡಿ. ಆ ಕರೆಗೆ ದುಡ್ಡಿಲ್ಲ.