ಗಿರಣಿಯ ಮೋಟಾರು, ಅಂಗಡಿಯ ತಕ್ಕಡಿ

ನಮ್ಮ ಬೀದಿಯ ಕೊನೆಯಲ್ಲಿ ಒಂದು ಹಿಟ್ಟಿನ ಗಿರಣಿಯುಂಟು. ಕಳೆದ ಆಯುಧಪೂಜೆಯ ದಿನ ಅದರ ಯಜಮಾನರು ಮೋಟಾರಿಗೆ ಅರಿಸಿನ ಕುಂಕುಮಗಳನ್ನು ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಬೂದುಗುಂಬಳವನ್ನು ಒಡೆದು, ನೆರೆಹೊರೆಯವರಿಗೆಲ್ಲ ಪುರಿಗಡಲೆಯನ್ನು ಹಂಚಿದರು. ದೀಪಾವಳಿಗೆ ಇನ್ನು ನಾಲ್ಕು ದಿನವಿರುವಾಗ, ಚಕ್ಕುಲಿಯ ಹಿಟ್ಟಿಗಾಗಿ ಬೀದಿಯ ಡಬ್ಬಗಳೆಲ್ಲವೂ ಸಾಲುಗಟ್ಟಿದ್ದ ವೇಳೆಯಲ್ಲಿ, ಅದೇ ಮೋಟಾರು ಸುಟ್ಟ ವಾಸನೆಯನ್ನು ಬೀರಿ ನಿಂತುಹೋಯಿತು. ಹೊಸ ತಂತಿಯನ್ನು ಸುತ್ತಿಸಿ ತರುವಷ್ಟರಲ್ಲಿ ಹಬ್ಬವು ಕಳೆದಿತ್ತು. ಬೇರೆ ಬೀದಿಗೆ ಹೋದ ಡಬ್ಬಗಳಲ್ಲಿ ಕೆಲವು ಮರಳಿ ಬರಲೇ ಇಲ್ಲ. ನಮ್ಮ ಮನೆಯ ಡಬ್ಬವೂ ಹೋದವುಗಳಲ್ಲಿ ಒಂದೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ.

ಆ ಯಜಮಾನರು ಸೋಮಾರಿಗಳಲ್ಲ, ದುಂದುಗಾರರೂ ಅಲ್ಲ. ಫೇಸು ತಪ್ಪಿದರೆ ತಾನಾಗಿ ವಿದ್ಯುತ್ತನ್ನು ಕಡಿದುಹಾಕುವ ರಿಲೇ ಎಂಬ ಸಣ್ಣ ಉಪಕರಣವನ್ನು ಹಾಕಿಸಿರೆಂದು ವಿದ್ಯುತ್ ಕೆಲಸದವನು ಹಿಂದೆಯೇ ಹೇಳಿದ್ದನಂತೆ. "ಇಷ್ಟು ವರುಷ ನಡೆದುದು ಇನ್ನು ನಡೆಯದೇ?" ಎಂದು ಅವರು ಸುಮ್ಮನಾದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ಇಂತಹ ಸಂದರ್ಭಕ್ಕೇ ಹುಟ್ಟಿದುದು.

ನಡೆದುದೇನೆಂದರೆ, ಗಿರಣಿಯ ಮೋಟಾರಿಗೆ ವಿದ್ಯುತ್ತು ಮೂರು ಫೇಸುಗಳಿಂದ ಬರುವುದು. ಅವುಗಳಲ್ಲಿ ಒಂದು ತಪ್ಪಿದರೆ, ಓಡುತ್ತಿರುವ ಮೋಟಾರು ಆ ಕ್ಷಣವೇ ನಿಲ್ಲದೆ, ಉಳಿದೆರಡರಿಂದಲೇ ಹೆಚ್ಚು ವಿದ್ಯುತ್ತನ್ನು ಎಳೆದುಕೊಂಡು ಹೆಣಗಾಡುವುದು. ಒಳಗಿನ ತಾಮ್ರದ ತಂತಿಯು ಕಾಯುವುದು. ತಂತಿಯ ಮೇಲಣ ಅರಗಿನಂತಹ ಲೇಪವು ಕರಿದಾಗುವುದು. ಶಾಖವು 10 ಡಿಗ್ರಿ ಹೆಚ್ಚಿದಂತೆಲ್ಲ ಆ ಲೇಪದ ಆಯುಸ್ಸು ಹೆಚ್ಚುಕಡಮೆ ಅರ್ಧಕ್ಕಿಳಿಯುವುದೆಂಬುದು ವಿದ್ಯುತ್ ತಜ್ಞರು ಬಹುಕಾಲದಿಂದ ಹೇಳುವ ಲೆಕ್ಕ. ಶಾಖವು ಹೆಚ್ಚಲು ಫೇಸು ತಪ್ಪಬೇಕೆಂದೇನೂ ಇಲ್ಲ. ಹಿಟ್ಟಿನ ಧೂಳು ಗಾಳಿಯ ಕಿಂಡಿಗಳನ್ನು ಮುಚ್ಚಿದರೂ ಸಾಕು. ಕಲ್ಲು ಮೊಂಡಾದರೂ ಸಾಕು. ಮೊಂಡು ಕಲ್ಲು ಹಿಟ್ಟನ್ನೂ ಕಾಯಿಸುವುದು, ಮೋಟಾರನ್ನೂ ದಣಿಸುವುದು. ಬೆಲ್ಟು ಸಡಿಲವಾದರೆ ಜಾರುವುದು. ಅತಿಯಾಗಿ ಬಿಗಿದರೆ ಬೇರಿಂಗನ್ನು ತಿನ್ನುವುದು. ಇವೆಲ್ಲವೂ ವಾರಕ್ಕೊಮ್ಮೆ ಅರ್ಧ ಗಂಟೆಯಲ್ಲಿ ನೋಡಿ ಸರಿಪಡಿಸಬಹುದಾದ ಸಂಗತಿಗಳು.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಹರಿದ ಕಾಲದಲ್ಲಿ ಯಂತ್ರವೆಂಬುದು ದೊಡ್ಡ ಸಂಸ್ಥೆಗಳ ಸೊತ್ತಾಗಿದ್ದಿತು. ಈಗ ಹಾಗಲ್ಲ. ಹಪ್ಪಳ ಮಾಡುವ ಗೃಹಿಣಿಗೂ ಬಟ್ಟೆ ಹೊಲಿಯುವ ವಿಧವೆಗೂ ಯಂತ್ರವೇ ಜೀವನಾಧಾರ. ದೊಡ್ಡ ಕಾರ್ಖಾನೆಯಲ್ಲಿ ಒಂದು ಯಂತ್ರ ಕೆಟ್ಟರೆ ಮತ್ತೊಂದು ಓಡುವುದು. ಸಣ್ಣವನಿಗೆ ಇರುವುದು ಒಂದೇ. ಆದುದರಿಂದ ಒಳ್ಳೆಯ ಯಂತ್ರವು ದೊಡ್ಡವರಿಗೆ ಮಾತ್ರ ತಕ್ಕುದೆಂಬ ಮಾತು ತಲೆಕೆಳಗಾದುದು. ಅದರ ಅಗತ್ಯವು ಸಣ್ಣವನಿಗೇ ಹೆಚ್ಚು.

ತಕ್ಕಡಿಯ ವಿಷಯವನ್ನು ನೋಡಿರಿ. ಈಗಿನ ವಿದ್ಯುನ್ಮಾನ ತಕ್ಕಡಿಯ ತಟ್ಟೆಯ ಕೆಳಗೆ ಒಂದು ಲೋಹದ ತುಂಡಿರುವುದು. ಭಾರಕ್ಕೆ ಅದು ಕಣ್ಣಿಗೆ ಕಾಣದಷ್ಟು ಬಾಗುವುದು. ಆ ಬಾಗನ್ನೇ ಯಂತ್ರವು ತೂಕವನ್ನಾಗಿ ಓದಿಹೇಳುವುದು. ಮಿತಿ ಮೀರಿದ ಮೂಟೆಯನ್ನು ಅದರ ಮೇಲೆ ಕುಕ್ಕಿದರೆ ಆ ಲೋಹವು ಮೊದಲಿನ ಆಕಾರಕ್ಕೆ ಹಿಂದಿರುಗದು. ನೆಲವು ಓರೆಯಾಗಿದ್ದರೂ ತೂಕ ತಪ್ಪುವುದು. ಕಿಲೋಗ್ರಾಮಿಗೆ 10 ಗ್ರಾಮು ತಪ್ಪಿದರೆ ಅದೇನು ಮಹಾ ಎನ್ನುವರು. ದಿನಕ್ಕೆ 100 ಕಿಲೋ ಮಾರುವ ಅಂಗಡಿಯಲ್ಲಿ ಅದು ದಿನಕ್ಕೊಂದು ಕಿಲೋ. 300 ದಿನಗಳಿಗೆ 300 ಕಿಲೋ! ತಪ್ಪು ಗಿರಾಕಿಯ ಕಡೆಗೆ ಬಾಗಿದರೆ ಅಂಗಡಿಯ ಗಂಟು ಕರಗುವುದು. ಅಂಗಡಿಯ ಕಡೆಗೆ ಬಾಗಿದರೆ ತಲೆಮಾರಿನ ಮರ್ಯಾದೆಯೇ ಕರಗುವುದು. 2009ರ ಕಾನೂನುಬದ್ಧ ಮಾಪನ ಶಾಸನದ ನಿಯಮಗಳಂತೆ ಇಂತಹ ತಕ್ಕಡಿಯನ್ನು ವರುಷಕ್ಕೊಮ್ಮೆ ಪರೀಕ್ಷೆಗೊಪ್ಪಿಸಿ ಮುದ್ರೆ ಹಾಕಿಸತಕ್ಕದ್ದು. ಇದನ್ನು ಸರಕಾರದ ಕಾಟವೆಂದೆಣಿಸುವುದು ತರವಲ್ಲ. ತನ್ನ ತಕ್ಕಡಿ ತನಗೇ ಮೋಸ ಮಾಡದಿರಲೆಂಬ ಎಚ್ಚರಿಕೆಯಿದು.

"ಎಲ್ಲವೂ ಸರಿ, ಹಣವೆಲ್ಲಿ?" ಎಂದು ಕೇಳುವವರುಂಟು, ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಸಾಲ ಮಾಡಿ ಥಳಕಿನ ಯಂತ್ರವನ್ನು ತರಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಬೆಲೆ ಹೆಚ್ಚಾದುದೆಲ್ಲವೂ ಗಟ್ಟಿಯೂ ಅಲ್ಲ. ಆದರೆ ಅಗ್ಗವೆಂಬುದು ಕೊಂಡ ದಿನದ ಲೆಕ್ಕ ಮಾತ್ರ. 10 ಅಶ್ವಶಕ್ತಿಯ ಮೋಟಾರು ದಿನಕ್ಕೆ 6 ಗಂಟೆಯಂತೆ 300 ದಿನ ಪೂರ್ಣ ಭಾರದಲ್ಲಿ ಓಡುವುದೆಂದಿಟ್ಟುಕೊಳ್ಳೋಣ. ವಿದ್ಯುತ್ತಿನ 100 ಪಾಲಿನಲ್ಲಿ 85ನ್ನು ಕೆಲಸಕ್ಕೆ ತರುವ ಮೋಟಾರಿಗಿಂತ 89ನ್ನು ತರುವ ಮೋಟಾರು ವರುಷಕ್ಕೆ ಸುಮಾರು 700 ಯೂನಿಟ್ಟುಗಳನ್ನು ಉಳಿಸುವುದು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟೆಂದು ಹಿರಿಯರು ಹೇಳಿದುದು ಬರಿಯ ಆಭರಣದ ಮಾತಲ್ಲ.

ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿರಿ. ಇದರ ಬಿಡಿಭಾಗಗಳು ನಮ್ಮ ಊರಿನಲ್ಲಿಯೇ ದೊರೆಯುವುವೇ? ಕೆಟ್ಟರೆ ಎಷ್ಟು ದಿನದಲ್ಲಿ ಯಾರು ಸರಿಪಡಿಸುವರು? ಇದನ್ನೇ ಕೆಲವು ವರುಷಗಳಿಂದ ಬಳಸುವವರು ಏನೆನ್ನುವರು? ಕೊಂಡ ಮೇಲೆ ದಿನದ ಗಳಿಕೆಯಲ್ಲಿ ಒಂದು ಚಿಕ್ಕ ಪಾಲನ್ನು "ಯಂತ್ರದ ಪಾಲು" ಎಂದು ಬರೆದು ತೆಗೆದಿರಿಸಿರಿ; ಮನೆವಾರ್ತೆಯ ಕಷ್ಟಕ್ಕೂ ಅದನ್ನು ಮುಟ್ಟದಿರಿ. ಎಣ್ಣೆ ಬಿಟ್ಟ ದಿನ, ಬೆಲ್ಟು ಬದಲಿಸಿದ ದಿನ, ತಕ್ಕಡಿಗೆ ಮುದ್ರೆ ಬಿದ್ದ ದಿನ, ಇವುಗಳನ್ನು ಗೋಡೆಯ ಪಂಚಾಂಗದಲ್ಲಿಯೇ ಗುರುತಿಸಬಹುದು. ಲೆಕ್ಕಪತ್ರಗಳನ್ನು ಕಂಪ್ಯೂಟರಿನಲ್ಲಿಯೋ ಮೊಬೈಲಿನಲ್ಲಿಯೋ ಇಡುವವರು ಅವುಗಳ ಎರಡನೆಯ ಪ್ರತಿಯನ್ನು ಅಂಗಡಿಯಲ್ಲಲ್ಲದೆ ಬೇರೊಂದು ಕಡೆ ಇಡುವುದೊಳ್ಳೆಯದು. ಕಳ್ಳನಾಗಲಿ ಮಳೆಯಾಗಲಿ ಎರಡೂ ಕಡೆ ಒಂದೇ ದಿನ ಬರುವುದು ಅಪರೂಪ.

ವರುಷಕ್ಕೊಮ್ಮೆ ಯಂತ್ರಕ್ಕೆ ಕುಂಕುಮವಿಡುವುದು ನಮ್ಮ ನಾಡಿನ ಒಳ್ಳೆಯ ಸಂಪ್ರದಾಯ. ಅನ್ನ ಕೊಡುವ ವಸ್ತುವಿಗೆ ಕೈಮುಗಿಯುವುದರಲ್ಲಿ ತಪ್ಪೇನಿದೆ? ಆದರೆ ಹೂವು ಒಂದು ದಿನದ ಪೂಜೆ. ಧೂಳೊರೆಸುವ ಬಟ್ಟೆಯೂ ಎಣ್ಣೆಯ ಡಬ್ಬಿಯೂ ಉಳಿದ ದಿನಗಳ ಪೂಜೆ.

ನಮ್ಮ ಬೀದಿಯ ಗಿರಣಿಯ ಗೋಡೆಯ ಮೇಲೆ ಈಗ ಅಂಗೈಯಗಲದ ಒಂದು ಹೊಸ ಪೆಟ್ಟಿಗೆ ಕಾಣಿಸುತ್ತಿದೆ. ಕಳೆದ ವಾರ ಒಂದು ಸಂಜೆ ಫೇಸು ತಪ್ಪಿದಾಗ ಅದು 'ಟಕ್' ಎಂದು ಮೋಟಾರನ್ನು ನಿಲ್ಲಿಸಿತು. ವಿದ್ಯುತ್ತು ಸರಿಯಾದೊಡನೆ ಕೆಲಸವು ಮುಂದುವರಿಯಿತು. ನಮ್ಮ ಮನೆಯ ಡಬ್ಬವು ಆ ಸಾಲಿನಲ್ಲಿ ಮೂರನೆಯದಾಗಿದ್ದಿತು.