ಅರ್ಥ ಗೊತ್ತು, ಆಡಲು ಬಾರದು

ಇಂಗ್ಲಿಷ್ ನುಡಿಗಟ್ಟುಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದನ್ನು ನಾವು ನಿಲ್ಲಿಸಬೇಕು. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳನ್ನು ತೆರೆದು ನೋಡಿ: ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ, ನಡುವೆ ಒಂದು ಗೀಟು. ನನ್ನ ತಕರಾರು ಇರುವುದು ಆ ಗೀಟಿನ ಮೇಲೆ. ಎರಡೂ ಕಡೆ ಇರುವುದು ಒಂದೇ ಎಂದು ಅದು ಸುಳ್ಳು ಹೇಳುತ್ತದೆ.

‘ಕಿಕ್ ದ ಬಕೆಟ್’ ತೆಗೆದುಕೊಳ್ಳಿ. ಪಟ್ಟಿ ಕೊಡುವ ಅರ್ಥ ‘ಸಾಯುವುದು’. ಅದು ನಿಜವೇ. ಆದರೆ ಕನ್ನಡದಲ್ಲಿ ಸಾವನ್ನು ನಾವು ಹೇಗೆಲ್ಲ ಹೇಳುತ್ತೇವೆ? ಅಜ್ಜ ತೀರಿಕೊಂಡರು, ಸ್ವಾಮೀಜಿ ಲಿಂಗೈಕ್ಯರಾದರು, ಹಿರಿಯ ಸಾಹಿತಿ ನಿಧನರಾದರು, ಸಿನಿಮಾದ ಖಳನಾಯಕ ಗೊಟಕ್ ಅಂದ. ಪಕ್ಕದ ಮನೆಯ ಅಜ್ಜ ಗೊಟಕ್ ಅಂದರು ಎಂದು ಅವರ ಮಗಳ ಮುಂದೆ ಯಾರೂ ಹೇಳುವುದಿಲ್ಲ. ‘ಕಿಕ್ ದ ಬಕೆಟ್’ ಈ ‘ಗೊಟಕ್’ನ ಪಂಗಡಕ್ಕೆ ಸೇರಿದ್ದು. ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಅದನ್ನು ದಾಖಲಿಸಿದ್ದೇ ಬೀದಿಮಾತಿನ ನಿಘಂಟಿನಲ್ಲಿ.

ಪಟ್ಟಿಯನ್ನು ನಂಬಿದ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಲಧಿಕಾರಿಯ ತಂದೆಯ ಸಾವಿಗೆ ಸಂತಾಪ ಬರೆಯುತ್ತಾ ಈ ನುಡಿಗಟ್ಟನ್ನು ಬಳಸಿದಳು ಎಂದುಕೊಳ್ಳಿ. ಕಚೇರಿ ನಗುವುದು ಗೈಡು ಬರೆದವನನ್ನು ನೋಡಿ ಅಲ್ಲ, ಅವಳನ್ನು ನೋಡಿ. ‘ಕನ್ನಡ ಮೀಡಿಯಂ ಅಲ್ವಾ’ ಎಂಬ ಮಾತೂ ಅವಳ ಬೆನ್ನಿಗೇ ಬೀಳುತ್ತದೆ. ಅವಳಿಗೆ ಅರ್ಥ ಗೊತ್ತಿತ್ತು. ಯಾರು, ಯಾರಿಗೆ, ಯಾವಾಗ ಆಡುವ ಮಾತು ಎಂಬುದನ್ನು ಯಾರೂ ಹೇಳಿರಲಿಲ್ಲ.

ಸಮಾನ ಗಾದೆ ಕೊಟ್ಟರೆ ಸಾಕು ಎನ್ನುವವರಿದ್ದಾರೆ. ಬೇಲಿಯಾಚೆಯ ಹುಲ್ಲು ಹೆಚ್ಚು ಹಸಿರು ಎಂಬ ಇಂಗ್ಲಿಷ್ ಮಾತಿಗೆ ‘ದೂರದ ಬೆಟ್ಟ ನುಣ್ಣಗೆ’ ಎಂದು ಬರೆಸುತ್ತಾರೆ. ಹತ್ತಿರದ ಮಾತು, ಆದರೆ ಅದೇ ಮಾತಲ್ಲ. ಹುಲ್ಲಿನದು ನೆರೆಯವನ ಭಾಗ್ಯ ಕಂಡ ಹೊಟ್ಟೆಕಿಚ್ಚು. ಬೆಟ್ಟದ್ದು ದೂರದಿಂದ ನೋಡಿ ಮೋಸಹೋಗಬೇಡ ಎಂಬ ಎಚ್ಚರಿಕೆ. ಈ ವ್ಯತ್ಯಾಸವನ್ನು ತರಗತಿಯಲ್ಲಿ ಹತ್ತು ನಿಮಿಷ ಮಾತಾಡಿದರೆ ಎರಡೂ ಭಾಷೆ ಕಲಿತಂತಾಗುತ್ತದೆ.

ಇನ್ನು ವಾಟ್ಸಾಪ್ ಪಂಡಿತರ ಕತೆಗಳು. ಹಿಂದೆ ಇಂಗ್ಲೆಂಡಿನಲ್ಲಿ ನಾಯಿ ಬೆಕ್ಕುಗಳು ಹುಲ್ಲಿನ ಚಾವಣಿಯಲ್ಲಿ ಮಲಗುತ್ತಿದ್ದವಂತೆ, ಮಳೆಗೆ ಜಾರಿ ಬೀಳುತ್ತಿದ್ದವಂತೆ, ಅದಕ್ಕೇ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಅಂತೆ! ಇದು 1999ರಲ್ಲಿ ಇಮೇಲಿನಲ್ಲಿ ಹರಿದಾಡಿದ ಕಟ್ಟುಕತೆ. ಜೊನಾಥನ್ ಸ್ವಿಫ್ಟ್ 1738ರಲ್ಲಿ ಪ್ರಕಟಿಸಿದ ಸಂಭಾಷಣೆಗಳ ಪುಸ್ತಕದಲ್ಲಿ ಈ ನುಡಿಗಟ್ಟು ಇದೆ. ಆ ಪುಸ್ತಕ ಇರುವುದೇ ಸಭ್ಯರ ಸವಕಲು ಮಾತುಗಳನ್ನು ಗೇಲಿ ಮಾಡಲು. ಅವನು ನಗೆಯಾಡಿದ್ದನ್ನು ನಾವು ಅಲಂಕಾರವೆಂದು ಪ್ರಬಂಧಕ್ಕೆ ಅಂಟಿಸುತ್ತಿದ್ದೇವೆ.

ಪರೀಕ್ಷೆಯಲ್ಲಿ ಕೇಳುವುದು ಅರ್ಥವನ್ನಷ್ಟೇ, ಅರವತ್ತು ಮಕ್ಕಳ ತರಗತಿಯಲ್ಲಿ ಇಷ್ಟೆಲ್ಲ ಹೇಳಲು ಪುರುಸೊತ್ತೆಲ್ಲಿ ಎಂದು ಮೇಷ್ಟ್ರು ಕೇಳಬಹುದು. ಆ ಕಷ್ಟ ನಿಜವಾದದ್ದು. ಹಾಗಾದರೆ ನೂರು ನುಡಿಗಟ್ಟು ಬೇಡ, ಇಪ್ಪತ್ತು ಸಾಕು. ಪ್ರತಿಯೊಂದಕ್ಕೂ ಒಂದು ಸಂದರ್ಭ, ಇಬ್ಬರ ನಡುವಿನ ಎರಡು ಸಾಲಿನ ಮಾತು, ಎಲ್ಲಿ ಬಳಸಬಾರದು ಎಂಬ ಒಂದು ಸೂಚನೆ ಇರಲಿ. ಪ್ರಶ್ನೆಪತ್ರಿಕೆ ತೆಗೆಯುವವರೂ ‘ಅರ್ಥ ಬರೆಯಿರಿ’ ಬಿಟ್ಟು, ‘ಈ ಮಾತನ್ನು ಪ್ರಾಂಶುಪಾಲರ ಮುಂದೆ ಆಡಬಹುದೇ? ಏಕೆ?’ ಎಂದು ಕೇಳಲಿ.

ವಿದ್ಯಾರ್ಥಿಗಳಿಗೆ ನನ್ನ ಮಾತು ಇಷ್ಟೇ. ‘ಚಳ್ಳೆಹಣ್ಣು ತಿನ್ನಿಸಿದ’ ಎಂದಾಗ ನೀವು ಹಣ್ಣು ಹುಡುಕುವುದಿಲ್ಲ. ‘ಬಾಲ ಬಿಚ್ಚಬೇಡ’ ಎಂಬುದನ್ನು ಯಾರಿಗೆ ಹೇಳಬಹುದು, ಯಾರಿಗೆ ಹೇಳಿದರೆ ಕೆನ್ನೆಗೆ ಬೀಳುತ್ತದೆ ಎಂಬುದೂ ನಿಮಗೆ ಗೊತ್ತು. ನುಡಿಗಟ್ಟಿನ ವಿವೇಕ ನಿಮ್ಮ ನಾಲಿಗೆಯಲ್ಲಿ ಆಗಲೇ ಇದೆ. ಇಂಗ್ಲಿಷಿಗೆ ಹೋಗುವಾಗ ಅದನ್ನು ಬಾಗಿಲಲ್ಲಿ ಬಿಟ್ಟುಹೋಗಿ ಎನ್ನುವ ಪಟ್ಟಿಯನ್ನು ಹರಿದುಹಾಕಿ.