ಅತ್ತೆಯವರ ಪೆಟ್ಟಿಗೆಯ ದುಡ್ಡು

ಬೆಟಗೇರಿಯ ಸೋದರಿಯೊಬ್ಬರು ಕೇಳಿದ್ದಾರೆ: ಅತ್ತೆಯವರ ಪೆಟ್ಟಿಗೆಯಲ್ಲಿ ಸಿಕ್ಕ ಕಪ್ಪಾದ ತಾಮ್ರದ ನಾಣ್ಯಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗಲೇ? ಹಣ ಕೊಟ್ಟು ಗ್ರೇಡಿಂಗ್ ಮಾಡಿಸಲೇ?

ಬೆಳಗಬ್ಯಾಡ್ರೀ ತಾಯಿ! ಹುಣಸೆಹಣ್ಣು ಹಂಡೆಗೆ ಸರಿ. ನಾಣ್ಯಕ್ಕೆ ಆ ಕಂದುಬಣ್ಣವೇ ಕವಚ. ತಿಕ್ಕಿದರೆ ಬೆಲೆ ಹೋಯಿತು. (ನಾನೂ ಹಾಗೆ ಕೆಡಿಸಿದವಳೇ.) ಹಸಿರು ಪುಡಿ ಉದುರುವುದನ್ನು ಮಾತ್ರ ಬೇರೆಯಾಗಿಡಿ.

1835ರ ಕಂಪನಿ ಕಾಲಾಣೆ, 1943ರ ತೂತಿನ ದುಡ್ಡು ರಾಶಿರಾಶಿಯಾಗಿ ಅಚ್ಚಾದವು. ಸವೆದಿದ್ದರೆ ಗ್ರೇಡಿಂಗಿನ ಖರ್ಚೂ ಹುಟ್ಟದು. ಅಕ್ಷರ ಚೂಪಾಗಿದ್ದು, ಸಂದುಗಳಲ್ಲಿ ಟಂಕಸಾಲೆಯ ಕೆಂಪು ಹೊಳಪು ಉಳಿದಿದ್ದರೆ ಮೊದಲು ತಿಳಿದವರಿಬ್ಬರಿಗೆ ತೋರಿಸಿ, ಆಮೇಲೆ ಕಳಿಸುವ ಮಾತು.

ಇನ್ನೊಂದು. “ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ” ಎಂದು ಫೋನ್ ಬಂದರೆ ಒಂದು ಪೈಸೆಯೂ ಕಳಿಸಬೇಡಿ. ತನ್ನ ಹೆಸರು ಹೇಳಿ ಹೀಗೆ ವಂಚಿಸುವವರಿದ್ದಾರೆಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.